ಅಕ್ಕಿ ಮೂಟೆಯ ಜೊತೆಗೆ ಆಯಾಳ ಸಂಬಳಕ್ಕೂ ಕೊಡಿ

ಮಾನ್ಯ ಸಂಪಾದಕರೇ,

ಮೈಸೂರಿನ ನಂಜುಮಳಿಗೆಯಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಸಂತೆಪೇಟೆಯಿಂದ ಮಾಲು ತಂದು ಮಾರುತ್ತೇನೆ. ಪಿತೃಪಕ್ಷ ಹತ್ತಿರ ಬಂತೆಂದರೆ ಗಿರಾಕಿಗಳ ಚೀಟಿಯ ಕೊನೆಯಲ್ಲಿ ಒಂದು ಸಾಲು ಜಾಸ್ತಿಯಾಗುತ್ತದೆ. ಮನೆ ಸಾಮಾನೆಲ್ಲ ಬರೆಸಿದ ಮೇಲೆ, ‘ಸೋನಾ ಮಸೂರಿ ಇಪ್ಪತ್ತೈದು ಕೆ.ಜಿ. ಮೂಟೆ ಒಂದು ಬೇರೆ ಇಡಿ, ಆಶ್ರಮಕ್ಕೆ’ ಅನ್ನುತ್ತಾರೆ. ಅಪ್ಪನ ಹೆಸರಲ್ಲೋ, ಅಮ್ಮನ ಹೆಸರಲ್ಲೋ ಕೊಡುವುದು. ಮಗುವಿನ ಹುಟ್ಟುಹಬ್ಬಕ್ಕೂ ಹೀಗೇ. ಆ ಮೂಟೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ತಮ್ಮ ಮನೆಗೆ ಒಯ್ಯುವ ಅಕ್ಕಿಗಿಂತ ಒಳ್ಳೆಯದನ್ನೇ ಕೇಳುವವರಿದ್ದಾರೆ. ಈಗಿನ ಜನಕ್ಕೆ ಕೊಡುವ ಮನಸ್ಸಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದಿನಾ ಕಣ್ಣಾರೆ ನೋಡುತ್ತಿದ್ದೇನೆ.

ಆದರೆ ಅದೇ ಆಶ್ರಮ ನಡೆಸುವ ಅಮ್ಮನೂ ನನ್ನ ಗಿರಾಕಿ. ಹೋದ ವರ್ಷ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಅವರು ಆಟೋದಲ್ಲಿ ಎರಡು ಅಕ್ಕಿ ಮೂಟೆ ಹಾಕಿಕೊಂಡು ಬಂದರು. ‘ಅಕ್ಕಿ ಇಡೋಕೆ ಜಾಗ ಇಲ್ಲ, ಹುಳ ಬೀಳ್ತಿದೆ. ಇದನ್ನ ಇಟ್ಕೊಂಡು ಸೋಪಿನ ಪುಡಿ, ಫಿನಾಯಿಲ್ ಕೊಡ್ತೀರಾ ಅಣ್ಣ?’ ಎಂದರು. ಕೊಟ್ಟೆ. ಮಾತಾಡುತ್ತಾ ತಿಳಿಯಿತು: ಅಜ್ಜಿಯರಿಗೆ ಸ್ನಾನ ಮಾಡಿಸುತ್ತಿದ್ದ ಆಯಾ ಕೆಲಸ ಬಿಟ್ಟು ಗಾರ್ಮೆಂಟ್ಸಿಗೆ ಸೇರಿದ್ದಳು. ಎರಡು ತಿಂಗಳ ಸಂಬಳ ಬಾಕಿ ಇತ್ತಂತೆ. ಆ ಅಮಾವಾಸ್ಯೆಯ ದಿನ ಆಶ್ರಮಕ್ಕೆ ಮೂರು ಕಡೆಯಿಂದ ಪಾಯಸದ ಊಟ ಬಂದಿತ್ತು. ಎದ್ದು ಕೂರಲಾಗದ ಅಜ್ಜಿಗೆ ಅದನ್ನು ತಿನ್ನಿಸಲು, ಆಮೇಲೆ ಬಟ್ಟೆ ಬದಲಾಯಿಸಲು ಕೈ ಸಾಲದೇ ಹೋಗಿತ್ತು.

ಸಂಬಳಕ್ಕೆ ಅಂತ ಯಾರೂ ಕೊಡಲ್ವಾ ಎಂದು ಕೇಳಿದೆ. ‘ಕೇಳೋಕೇ ಹೆದರಿಕೆ ಅಣ್ಣ. ಸಂಬಳ ಅಂದ್ರೆ ನಾವೇ ತಿಂತೀವಿ ಅಂದ್ಕೋತಾರೆ’ ಎಂದರು. ಈ ಮಾತು ನನಗೆ ಬಹಳ ನೋವು ಕೊಟ್ಟಿದೆ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ನಾನು ಒಂದು ಸಂಸ್ಥೆಗೆ ತಿಂಗಳು ತಿಂಗಳು ಹಣ ಕಳಿಸುತ್ತೇನೆ. ಯಾಕೆ ಕಳಿಸುತ್ತೇನೆ ಎಂದು ಹೇಳಬೇಕು. ನಮ್ಮಮ್ಮ ಹಾಸಿಗೆ ಹಿಡಿದಿದ್ದಾಗ ಬೆನ್ನಿನ ಕೆಳಗೆ ಹುಣ್ಣಾಯಿತು. ಪರಿಚಯದವರೊಬ್ಬರು ಹೇಳಿದ್ದಕ್ಕೆ ಆ ಸಂಸ್ಥೆಯವರು ವ್ಯಾನಿನಲ್ಲಿ ಮನೆಗೇ ಬಂದರು. ಒಬ್ಬರು ಸಿಸ್ಟರ್, ಜೊತೆಗೊಬ್ಬಳು ಹುಡುಗಿ. ‘ಅಜ್ಜೀ, ಸ್ವಲ್ಪ ಈ ಕಡೆ ತಿರುಗೋಣ್ವಾ?’ ಎಂದು ಕೇಳಿ, ಅಮ್ಮ ಹೂಂ ಅಂದ ಮೇಲೇ ಮೈ ಮುಟ್ಟಿದರು. ಹುಣ್ಣು ತೊಳೆದು ಗಾಜ್ ಬಟ್ಟೆ ಕಟ್ಟಿದರು. ಆಮೇಲೆ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದು ಕಲಿಸಿದರು. ತೋಳು ಹಿಡಿದು ಎಳೆಯಬಾರದು, ಚರ್ಮ ಉಜ್ಜಿ ಕಿತ್ತುಬರುತ್ತದೆ. ಮೈ ಕೆಳಗೆ ಮಡಚಿದ ಬೆಡ್‌ಶೀಟ್ ಹಾಸಿ, ಇಬ್ಬರೂ ಆಚೆ ಈಚೆ ನಿಂತು ಆ ಬೆಡ್‌ಶೀಟನ್ನೇ ಎತ್ತಿ ಸರಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎರಡು ಮಂಡಿಯ ನಡುವೆ ದಿಂಬು ಇಡಬೇಕು. ದೊಡ್ಡ ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ಕಳಿಸುವಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಆ ಹುಣ್ಣು ಮಾಯಿತು. ಅಮ್ಮ ಹೋಗುವಾಗ ಮೈಮೇಲೆ ಗಾಯವಿರಲಿಲ್ಲ. ಒಬ್ಬ ಮಗನಿಗೆ ಇದು ಎಷ್ಟು ದೊಡ್ಡದು ಎಂದು ಮಾತಿನಲ್ಲಿ ಹೇಳಲಾರೆ.

ಅವರು ಒಂದು ರೂಪಾಯಿ ಕೇಳಲಿಲ್ಲ. ತಿಥಿ ಕಳೆದ ಮೇಲೆ ನಾನೇ ಅವರ ಆಫೀಸಿಗೆ ಹೋಗಿ ಏನು ಕೊಡಲಿ ಎಂದೆ. ಸಿಸ್ಟರ್ ಗೋಡೆಗೆ ಅಂಟಿಸಿದ್ದ ಒಂದು ಹಾಳೆ ತೋರಿಸಿದರು. ಆ ತಿಂಗಳ ಡೀಸೆಲ್ ಎಷ್ಟು, ಸಂಬಳ ಎಷ್ಟು, ಗಾಜ್, ಗ್ಲೌಸ್ ಎಷ್ಟು, ಎಷ್ಟು ಮನೆಗೆ ಹೋಗಿ ಬಂದರು, ಕೈಯಲ್ಲಿ ಉಳಿದಿದ್ದೆಷ್ಟು, ಎಲ್ಲ ಕೈಬರಹದಲ್ಲಿತ್ತು. ‘ಆದಷ್ಟೂ ಡೀಸೆಲ್ಲಿಗೂ ಸಂಬಳಕ್ಕೂ ಕೊಡಿ’ ಎಂದರು. ವ್ಯಾಪಾರ ಮಾಡುವವನಿಗೆ ಲೆಕ್ಕ ನೋಡಿದರೆ ಧೈರ್ಯ ಬರುತ್ತದೆ. ಋಣದ ಭಾರಕ್ಕೆ ಮೊದಲ ಸಲ ಕೊಟ್ಟೆ ನಿಜ. ಆಮೇಲೂ ಕೊಡುತ್ತಾ ಬಂದಿರುವುದು ಆ ಹಾಳೆಯಿಂದ.

ತೆರಿಗೆ ಉಳಿಯುತ್ತದೆ ಅಂತ ಜನ ದಾನ ಮಾಡುತ್ತಾರೆ ಅನ್ನುವ ಮಾತೂ ಇದೆ. ತೆರಿಗೆ ವಿನಾಯಿತಿಯ ರಸೀದಿ ಬೇಕು ಅನ್ನುವವರು ಇದ್ದಾರೆ, ತಪ್ಪೇನಿಲ್ಲ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಸಿಗುವುದಿಲ್ಲ. ಹಳೆಯದರಲ್ಲೂ 2,000 ರೂಪಾಯಿ ದಾಟಿದ ನಗದಿಗೆ ಇಲ್ಲ, ಅಕ್ಕಿ ಬೇಳೆ ರೂಪದಲ್ಲಿ ಕೊಟ್ಟಿದ್ದಕ್ಕಂತೂ ಇಲ್ಲವೇ ಇಲ್ಲ. ಹಾಗಿದ್ದೂ ನನ್ನ ಅಂಗಡಿಯಿಂದ ಮೂಟೆಗಳು ಹೋಗುತ್ತಲೇ ಇವೆ. ಹೋದವರ ನೆನಪು, ಪುಣ್ಯದ ನಂಬಿಕೆ, ಹಸಿದವರು ಉಂಡರು ಎಂಬ ಸಮಾಧಾನ ಇವೇ ಕೊಡಿಸುವುದು. ಅನ್ನ ಕಣ್ಣಿಗೆ ಕಾಣುತ್ತದೆ. ಬೆಳಗಿನ ಜಾವ ಎದ್ದು ಒದ್ದೆ ಹಾಸಿಗೆ ಬದಲಾಯಿಸುವ ಹೆಂಗಸು ಕಾಣುವುದಿಲ್ಲ, ಅಷ್ಟೇ.

ನಮ್ಮ ಊರಿಗೆ ಇದು ಹೊಸ ಪಾಠವೂ ಅಲ್ಲ. ಮರಿಮಲ್ಲಪ್ಪನವರು ಬಿಟ್ಟುಹೋದ ಆಸ್ತಿಯಿಂದ ಶಾಲೆ ಆಯಿತು. ಅದು ಹೆಸರು ಮಾಡಿದ್ದು ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಮುಖ್ಯೋಪಾಧ್ಯಾಯರಾಗಿ ನಿಂತು ನಡೆಸಿದ್ದರಿಂದ. ಕಟ್ಟಡಕ್ಕೆ ಮಾತ್ರ ದುಡ್ಡಿದ್ದು ಮೇಷ್ಟ್ರಿಗೆ ಇಲ್ಲದಿದ್ದರೆ ಅಲ್ಲಿ ಯಾರು ಓದುತ್ತಿದ್ದರು?

ಹೆಬ್ಬಾಳ, ನಂಜನಗೂಡಿನ ದೊಡ್ಡ ಕಂಪನಿಗಳಿಗೂ ಒಂದು ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ಲಾಭದ ಶೇ 2ರಷ್ಟನ್ನು ನೀವು ಸಮಾಜಕ್ಕೆ ಖರ್ಚು ಮಾಡಬೇಕು. ಬಣ್ಣ ಬಳಿದ ಗೋಡೆ, ಹೆಸರು ಬರೆಸಿದ ವ್ಯಾನ್ ಕೊಡುತ್ತೀರಿ, ಸಂತೋಷ. ಆ ವ್ಯಾನಿನ ಡ್ರೈವರ್‌ಗೆ ಸಂಬಳವನ್ನೂ ಸೇರಿಸಿ ಕೊಡಿ.

ಸಂಸ್ಥೆ ನಡೆಸುವವರು ಹಿಂಜರಿಯಬೇಡಿ. ಏನು ಸಾಲದು ಎಂದು ಬಾಯಿಬಿಟ್ಟು ಹೇಳಿ, ಲೆಕ್ಕ ಬಾಗಿಲಲ್ಲೇ ಅಂಟಿಸಿ. ಈಗ ನನ್ನ ಅಂಗಡಿಯಲ್ಲೂ ಆ ಆಶ್ರಮದ ಅಮ್ಮ ಬರೆದುಕೊಟ್ಟ ಚೀಟಿ ಅಂಟಿಸಿದ್ದೇನೆ. ದೊಡ್ಡವರ ಡೈಪರ್, ಸೋಪಿನ ಪುಡಿ, ಆಯಾ ಸಂಬಳ ಅಂತ ಇದೆ. ಮೂಟೆ ಬರೆಸಲು ಬಂದವರು ಓದುತ್ತಾರೆ, ಕೆಲವರು ಅರ್ಧ ಮೂಟೆಗೆ ಇಳಿಸಿ ಮಿಕ್ಕಿದ್ದನ್ನು ಆಯಾ ಸಂಬಳಕ್ಕೆ ಕೊಡುತ್ತಾರೆ. ಯಾರೂ ಇದುವರೆಗೆ ಬೇಸರ ಮಾಡಿಕೊಂಡಿಲ್ಲ.

ಸಂಪಾದಕರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಹಣ್ಣು ಹಂಚಿದವರ, ಬೆಡ್‌ಶೀಟ್ ಹಂಚಿದವರ ಫೋಟೊ ಹಾಕುತ್ತೀರಿ. ಅದರ ಪಕ್ಕದಲ್ಲೇ ವಾರಕ್ಕೊಮ್ಮೆ ಒಂದು ಸಣ್ಣ ಜಾಗ ಕೊಡಿ. ನಿಮ್ಮ ವರದಿಗಾರರು ಹೋಗಿ ನೋಡಿ ಬಂದ ಒಂದು ಸಂಸ್ಥೆಯ ಹೆಸರು, ಅದಕ್ಕೆ ಈ ವಾರ ಏನು ಬೇಕು, ಯಾವ ಖಾತೆಗೆ ಹಾಕಬೇಕು, ಇಷ್ಟಿದ್ದರೆ ಸಾಕು. ಅದಕ್ಕೆ ಖರ್ಚು ಬೀಳುವುದಾದರೆ ಮೊದಲ ತಿಂಗಳದ್ದು ನಾನು ಕೊಡುತ್ತೇನೆ. ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಶುರುವಾದರೆ ಒಳ್ಳೆಯದು, ಜನ ಚೀಟಿ ಬರೆಸುವುದು ಆಗಲೇ.

— ಒಬ್ಬ ದಿನಸಿ ವ್ಯಾಪಾರಿ, ನಂಜುಮಳಿಗೆ, ಮೈಸೂರು