ಮಗಳಿಗೊಂದು ಪತ್ರ: ಹಳೇ ಮನೆಗೆ ಹೊಸ ಬಾಯ್ಲರ್

ಪ್ರೀತಿಯ ಮಗಳೇ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ಅದೇ ಯೋಚನೆ. ಮನೆಯ ಜೊತೆಗೇ ಬಂದ, ನೀರು ಕಾಯಿಸಿ ಮನೆಯನ್ನು ಬೆಚ್ಚಗಿಡುವ ಹಳೇ ಗ್ಯಾಸ್ ಬಾಯ್ಲರ್ ಆಗಾಗ ಆರಿಹೋಗುತ್ತಿದೆ, ಒಬ್ಬರು ಬಂದು ಐದು ನಿಮಿಷ ನೋಡಿ "ಇದೇ ಸೈಜಿನ ಹೊಸದು ತಂದು ಒಂದೇ ದಿನದಲ್ಲಿ ಕೂರಿಸ್ತೀವಿ" ಅಂದರು ಅಂದೆಯಲ್ಲ. ಆ ಐದು ನಿಮಿಷವೇ ನನ್ನ ಚಿಂತೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ನಾವೂ ಹಳೇ ಮನೆಯಲ್ಲೇ ಇದ್ದೆವು. ಅಲ್ಲಿ ಹಾಕಿಸಿದ ಹೊಸ ಬಾಯ್ಲರ್ ಮೊದಲ ಚಳಿಗಾಲದಲ್ಲೇ ಕುದಿಯುವ ಪಾತ್ರೆಯ ಹಾಗೆ ಗುಡುಗುಡು ಸದ್ದು ಮಾಡತೊಡಗಿತು. ಕೆಳಗಿನ ಕೋಣೆ ಬೆಚ್ಚಗೆ, ನೀನು ಮಲಗುತ್ತಿದ್ದ ಮೇಲಿನ ಕೋಣೆ ತಣ್ಣಗೆ. ಎರಡೆರಡು ಸ್ವೆಟರ್ ಹಾಕಿ ನಿನ್ನನ್ನು ಮಲಗಿಸುತ್ತಿದ್ದೆ. ನಾಲ್ಕೇ ತಿಂಗಳಿಗೆ ಅದರೊಳಗೆ ನೀರು ಕಾಯುವ ಭಾಗ ಕಟ್ಟಿಕೊಂಡಿತು. ಬಾಯ್ಲರಿನಲ್ಲಿ ದೋಷವೇನೂ ಇರಲಿಲ್ಲ. ಪೈಪುಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಕೆಸರನ್ನು ಯಾರೂ ತೊಳೆದಿರಲಿಲ್ಲ, ಅಷ್ಟೆ. ತೊಳೆಯಿರಿ ಅಂತ ಹೇಳಬೇಕು ಅನ್ನೋದು ನನಗೂ ನಿಮ್ಮಪ್ಪನಿಗೂ ಗೊತ್ತಿರಲಿಲ್ಲ.

ನಿನಗೆ ಹಾಗಾಗಬಾರದು. ಮೊದಲು ಮನೆಯನ್ನು ಪೂರ್ತಿ ನೋಡಿಸು. ಯಾವ ಬಾಯ್ಲರ್ ಅನ್ನೋ ಮಾತು ಆಮೇಲೆ.

ಆ ಕೆಸರು ಏನು ಅಂತ ಹೇಳುತ್ತೇನೆ. ಬಾಯ್ಲರಿನ ಬಿಸಿನೀರು ಒಳಗೆ ಹರಿದು ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರಿನ ಒಳಗೋಡೆ ನೀರಿನಲ್ಲಿ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಆ ತುಕ್ಕು ಕಪ್ಪು ಪುಡಿಯಾಗಿ ತಳದಲ್ಲಿ ಕೂರುತ್ತದೆ. ನಿನ್ನ ಮನೆಯಲ್ಲಿ ಇದೆಯೋ ಇಲ್ಲವೋ ನೀನೇ ನೋಡಬಹುದು. ಬಾಯ್ಲರ್ ಚೆನ್ನಾಗಿ ಓಡುತ್ತಿರುವಾಗ ಒಂದೊಂದೇ ರೇಡಿಯೇಟರ್ ಮುಟ್ಟು. ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೆ ಕೆಸರು. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಬರೀ ಗಾಳಿ ಸಿಕ್ಕಿಕೊಂಡಿದೆ, ಅದನ್ನು ಬಿಡಿಸಿದರೆ ಆಯಿತು. ಹೊಸ ಬಾಯ್ಲರುಗಳ ಒಳದಾರಿ ಬಹಳ ಕಿರಿದು. ಹಳೆಯದು ತಡೆದುಕೊಂಡ ಕೊಳೆಯನ್ನು ಹೊಸದು ತಡೆಯುವುದಿಲ್ಲ. ಅದಕ್ಕೇ ಜೋಡಿಸುವ ಮೊದಲು ಪೈಪು, ರೇಡಿಯೇಟರ್ ಎಲ್ಲ ತೊಳೆಸು. ರೇಡಿಯೇಟರುಗಳಿಂದ ಬಾಯ್ಲರಿಗೆ ವಾಪಸ್ ಬರುವ ಪೈಪಿಗೆ ಅಯಸ್ಕಾಂತ ಇರುವ ಫಿಲ್ಟರ್ ಹಾಕಿಸು. ಆ ಕಪ್ಪು ಪುಡಿ ಕಬ್ಬಿಣದ್ದೇ ಆದ್ದರಿಂದ ಅಲ್ಲಿ ಅಂಟಿಕೊಳ್ಳುತ್ತದೆ. ಕೊನೆಗೆ ತುಕ್ಕು ತಡೆಯುವ ದ್ರಾವಣ ನೀರಿಗೆ ಸೇರಿಸಲು ಹೇಳು. ಇದಕ್ಕೆ ಅರ್ಧ ದಿನ ಜಾಸ್ತಿ ಆಗಬಹುದು. ಆಗಲಿ ಬಿಡು.

ಇನ್ನು ಸೈಜು. "ಇದೇ ಸೈಜು" ಅಂದ ಮಾತು ನನಗೆ ಸರಿ ಕಾಣಲಿಲ್ಲ. ಹಳೇ ಬಾಯ್ಲರ್ ಬಂದಾಗ ಇದ್ದ ಮನೆ ಬೇರೆ, ಈಗಿರುವ ಮನೆ ಬೇರೆ ಅಲ್ವಾ? ಆಮೇಲೆ ಕಿಟಕಿಗಳಿಗೆ ಎರಡು ಪದರದ ಗಾಜು ಬಂದಿದೆ, ಸೂರಿನ ಕೆಳಗೆ ದಪ್ಪಗೆ ಹೊದಿಕೆ ಹಾಕಿದ್ದಾರೆ ಅಂತ ನೀನೇ ಹೇಳಿದ್ದೆ. ಒಂದೊಂದು ಕೋಣೆಯ ಗೋಡೆ, ಕಿಟಕಿ, ಸೂರಿನಿಂದ ಎಷ್ಟು ಬಿಸಿ ಹೊರಗೆ ಹೋಗುತ್ತದೆ ಅಂತ ಲೆಕ್ಕ ಹಾಕುವ ಕ್ರಮ ಇದೆ. ಅದನ್ನು ಮಾಡಿಕೊಡುವವರನ್ನೇ ಹುಡುಕು. ಬೇಕಿದ್ದಕ್ಕಿಂತ ದೊಡ್ಡದು ತಂದರೆ ಅದು ಹತ್ತಿಕೊಂಡು ಎರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಹತ್ತಿಕೊಳ್ಳುತ್ತದೆ. ಗ್ಯಾಸೂ ದಂಡ, ಯಂತ್ರವೂ ಬೇಗ ಸವೆಯುತ್ತದೆ.

ಬಿಸಿನೀರು ತುಂಬಿಡುವ ಟ್ಯಾಂಕ್ ತೆಗೆದು ಕಾಂಬಿ ಹಾಕೋಣ ಅಂದರಂತೆ. ಕಾಂಬಿ ಅಂದರೆ ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವ ಬಾಯ್ಲರ್. ತಣ್ಣೀರನ್ನು 35 ಡಿಗ್ರಿಯಷ್ಟು ಬಿಸಿ ಏರಿಸಿ ನಿಮಿಷಕ್ಕೆ 10 ಲೀಟರ್ ಕೊಡಬೇಕೆಂದರೆ ಸುಮಾರು 24 ಕಿಲೋವಾಟ್ ಬೇಕು. ಅದು ಒಂದು ಶವರಿಗೆ ಸರಿ. ಎರಡು ಕಡೆ ಒಟ್ಟಿಗೆ ಸ್ನಾನ ಮಾಡಿದರೆ ಇಬ್ಬರಿಗೂ ಸಾಲದು. ಹೊರಗಿನಿಂದ ಬರುವ ನೀರಿನ ರಭಸವೇ ಕಮ್ಮಿ ಇದ್ದರೆ ಎಷ್ಟು ದೊಡ್ಡ ಬಾಯ್ಲರ್ ತಂದರೂ ಪ್ರಯೋಜನ ಇಲ್ಲ. ನೇರ ನೀರು ಬರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ತುಂಬುತ್ತದೆ ಅಂತ ಅಳೆದು ನೋಡು. ನಾಲ್ಕು ಜನ ಇರುವ ಮನೆ, ನನಗೇನೋ ಟ್ಯಾಂಕ್ ಉಳಿಸಿಕೊಳ್ಳುವುದೇ ಒಳ್ಳೇದು ಅನ್ನಿಸುತ್ತದೆ. ಉಳಿಸಿಕೊಂಡರೆ ಅದರ ನೀರು 60 ಡಿಗ್ರಿ ತಲುಪುವಂತೆ ಇಡಿಸು. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಒಂದು ವಿಷಯಕ್ಕೆ ಮಾತ್ರ ಹಟ ಹಿಡಿ. ಆ ಭಾರದ ಎರಕದ ಕಬ್ಬಿಣದ ರೇಡಿಯೇಟರುಗಳನ್ನು ಸುಮ್ನೆ ಕಿತ್ತುಹಾಕಲು ಬಿಡಬೇಡ. ನೋಡಲು ಚೆಂದ ಅಂತ ಮಾತ್ರ ಹೇಳುತ್ತಿಲ್ಲ. ಈಗಿನವು ಕಂಡೆನ್ಸಿಂಗ್ ಬಾಯ್ಲರುಗಳು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ, ಅದರ ಬಿಸಿಯನ್ನೂ ಹೀರಿಕೊಳ್ಳುತ್ತವೆ. ಆದರೆ ರೇಡಿಯೇಟರಿನಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಇದು ನಡೆಯುತ್ತದೆ. ರೇಡಿಯೇಟರ್ ದೊಡ್ಡದಾಗಿದ್ದಷ್ಟೂ ಕಡಿಮೆ ಬಿಸಿಯ ನೀರಿನಲ್ಲೇ ಕೋಣೆ ಬೆಚ್ಚಗಾಗುತ್ತದೆ. ಆ ಹಳೇ ರೇಡಿಯೇಟರುಗಳು ಈ ಹೊಸ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿವೆ. ಸೋರದಿದ್ದರೆ ತೊಳೆಸಿ ಇಟ್ಟುಕೋ. ಆಮೇಲೆ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಮನೆ ಬೆಚ್ಚಗಿರುವ ಕನಿಷ್ಠ ಮಟ್ಟ ಯಾವುದು ಅಂತ ಕಂಡುಕೋ.

ತಣಿದ ಆವಿ ನೀರಾಗಿ ಹೊರಗೆ ಹೋಗಬೇಕಲ್ಲ, ಆ ನೀರು ಸ್ವಲ್ಪ ಹುಳಿ. ತಾಮ್ರವನ್ನೂ ಗಾರೆಯನ್ನೂ ತಿನ್ನುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪೈಪೇ ಬೇಕು, ಆದಷ್ಟು ಮನೆಯ ಒಳಗಿನ ಚರಂಡಿಗೇ ಸೇರಬೇಕು. ಹೊರಗೋಡೆಯ ಮೇಲೆ ಸಣ್ಣ ಪೈಪು ಎಳೆದರೆ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿ, ಬಾಯ್ಲರ್ ಬೇಕಾದ ದಿನವೇ ನಿಂತುಹೋಗುತ್ತದೆ.

ಇದೇ ಕಾರಣಕ್ಕೆ ಹಳೇ ಚಿಮಣಿಗೆ ಹೊಸ ಬಾಯ್ಲರಿನ ಹೊಗೆಯನ್ನು ನೇರವಾಗಿ ಬಿಡುವಂತಿಲ್ಲ. ಮೊದಲಿನ ಹೊಗೆ ಬಿಸಿಯಾಗಿ, ಒಣಗಿ ಮೇಲೇರುತ್ತಿತ್ತು. ಈಗಿನದು ತೇವ, ಇಟ್ಟಿಗೆಯೊಳಗೆ ಇಳಿಯುತ್ತದೆ. ಅದಕ್ಕೆ ತನ್ನದೇ ಹೊಗೆ ಕೊಳವೆ ಬೇಕು. ಅದರ ಬಾಯಿ ಕಿಟಕಿಗಳಿಂದ ದೂರ ಇರಬೇಕು. ಬೇರೆ ಯಾವುದಾದರೂ ಗ್ಯಾಸ್ ಹೀಟರ್ ಅದೇ ಚಿಮಣಿ ಬಳಸುತ್ತಿದೆಯಾ ಅಂತಲೂ ಕೇಳು. ದೊಡ್ಡ ಬಾಯ್ಲರ್ ಹೋದ ಮೇಲೆ ಆ ಸಣ್ಣ ಹೀಟರ್ ಒಂದರಿಂದಲೇ ಚಿಮಣಿ ಬಿಸಿಯಾಗದೆ, ಹೊಗೆ ಮನೆಯೊಳಗೇ ತಿರುಗಬಹುದು.

ಗ್ಯಾಸ್ ಪೈಪಿನ ಒಳ ಅಗಲ ಹೊಸ ಬಾಯ್ಲರಿಗೆ ಸಾಕಾ ಅಂತ ಅಳೆಸು. ಸೂರಿನ ಸಣ್ಣ ತೊಟ್ಟಿಯಿಂದ ನೀರು ಇಳಿಯುತ್ತಿದ್ದ ವ್ಯವಸ್ಥೆಯನ್ನು ಮುಚ್ಚಿ, ಹೊಸದರಲ್ಲಿ 1ರಿಂದ 1.5 ಬಾರ್ ಪ್ರೆಶರ್ ಇಡುತ್ತಾರೆ. ಇಷ್ಟು ವರ್ಷ ಸುಮ್ಮನಿದ್ದ ಹಳೇ ಜಾಯಿಂಟುಗಳು ಆಗ ಸೋರಬಹುದು. ನೆಲದಡಿ ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಮೊದಲೇ ನೋಡಿಟ್ಟರೆ ಆಮೇಲೆ ಹಲಗೆ ಕೀಳುವ ಪಾಡು ಇರುವುದಿಲ್ಲ. ಹಳೇ ಪೈಪಿಗೆ ಬಿಳಿಯ ಗಾರೆಯಂಥ ಹೊದಿಕೆ ಕಂಡರೆ ಮುಟ್ಟಬೇಡ, ಮಕ್ಕಳನ್ನು ಹತ್ತಿರ ಬಿಡಬೇಡ. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಒಡೆದರೆ ಅದರ ಧೂಳು ಶ್ವಾಸಕೋಶ ಸೇರುತ್ತದೆ. ಅದನ್ನು ಪರೀಕ್ಷೆ ಮಾಡಿಸಿ, ತಿಳಿದವರಿಂದಲೇ ತೆಗೆಸಬೇಕು.

ಕೆಲಸ ಮುಗಿದ ದಿನ ಅವರನ್ನು ಬೇಗ ಕಳಿಸಬೇಡ. ಎಲ್ಲ ರೇಡಿಯೇಟರಿಗೂ ನೀರು ಸಮನಾಗಿ ಹೋಗುವಂತೆ ವಾಲ್ವ್ ತಿರುಗಿಸಿ ಕೊಡಲಿ. ಪ್ರೆಶರ್ ಇಳಿದರೆ ತುಂಬಿಸುವುದು ಹೇಗೆ ಅಂತ ನಿನ್ನ ಕೈಯಲ್ಲೇ ಮಾಡಿಸಲಿ. ಪರೀಕ್ಷಿಸಿದ ಅಳತೆಗಳನ್ನು ಬರೆದು ಸಹಿ ಮಾಡಿ ಕೊಡಲಿ.

ಇನ್ನೊಂದು ಮಾತು, ಇದು ಹೊಸದು ಬರುವವರೆಗೂ ಕಾಯುವಂಥದ್ದಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ತಗೊಂಡು ಬಾ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಆ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ, ಏನೋ ಜ್ವರ ಬರುವ ಹಾಗಿದೆ ಅಂದುಕೊಂಡು ಮಲಗಿಬಿಡುತ್ತೇವೆ. ಬಾಯ್ಲರಿನ ಉರಿ ನೀಲಿ ಬದಲು ಹಳದಿಯಾಗಿದ್ದರೆ, ಸುತ್ತ ಮಸಿ ಹಿಡಿದಿದ್ದರೆ, ಆಗಲೇ ಆರಿಸಿಬಿಡು. ಮನೆ ತಣ್ಣಗಿದ್ದರೂ ಪರವಾಗಿಲ್ಲ, ಎಲ್ಲರೂ ಒಂದೇ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿ. ತಲೆ ಸುತ್ತಿದರೆ ಮೊದಲು ಮಕ್ಕಳನ್ನು ಕರೆದುಕೊಂಡು ಹೊರಗೆ ಬಾ, ಫೋನ್ ಮಾಡುವುದು ಆಮೇಲೆ.

ಅಲಾರಂ ಹಾಕಿ, ಬಟನ್ ಒತ್ತಿ, ಸದ್ದು ಬಂತು ಅಂತ ನನಗೊಂದು ಮೆಸೇಜ್ ಮಾಡು. ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ಇಂತಿ,
ನಿನ್ನ ಅಮ್ಮ