ಬಸ್ ಸೀಟಿನ ವಿಷಯ, ಎಲ್ಲ ಪಾಲಕರೂ ಓದಿರಿ

ನಮಸ್ಕಾರ್ರೀ. ಗದ್ದನಕೇರಿ ಕ್ರಾಸ್–ನವನಗರ ರೂಟಿನ ನಮ್ಮ ಶಾಲಾ ಬಸ್ಸಿನಲ್ಲಿ ನಾಲ್ಕು ಸೀಟು ಉಳಿದಿವೆ. ನಿನ್ನೆಯಿಂದ ಹನ್ನೊಂದು ಜನ ಕೇಳಿದ್ದೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐದನೇ ತರಗತಿವರೆಗಿನವರ ಮನೆ 1 ಕಿ.ಮೀ.ಗಿಂತ, ಆರರಿಂದ ಎಂಟರವರದು 3 ಕಿ.ಮೀ.ಗಿಂತ ದೂರವಿದ್ದರೆ ಬಸ್ಸು ಅವರ ಹಕ್ಕು. ಶಿಕ್ಷಣ ಹಕ್ಕು ನಿಯಮಗಳಲ್ಲಿ ನೆರೆಹೊರೆಯ ಶಾಲೆಗೆ ಇಟ್ಟ ಅಳತೆಯನ್ನೇ ನಾವೂ ಹಿಡಿದಿದ್ದೇವೆ. ಅಳೆಯುವುದು ಮಗು ನಡೆಯುವ ದಾರಿಯನ್ನು, ಮೊಬೈಲ್ ಮ್ಯಾಪಿನ ನೇರ ಗೆರೆಯನ್ನಲ್ಲ. ಅವರಿಗೆಲ್ಲ ಸೀಟು ಆಗಿದೆ.

ಉಳಿದ ನಾಲ್ಕು ಮೊದಲು ನಡೆಯಲು ತೊಂದರೆ ಇರುವ ಮಕ್ಕಳಿಗೆ, ಆಮೇಲೆ ಅಣ್ಣನೋ ಅಕ್ಕನೋ ಅದೇ ಬಸ್ಸಿನಲ್ಲಿರುವವರಿಗೆ, ನಂತರ ಚಿಕ್ಕ ತರಗತಿಯವರಿಗೆ. ಯಾರು ಮೊದಲು ಫೋನ್ ಮಾಡಿದರು ಎಂಬುದು ಲೆಕ್ಕಕ್ಕಿಲ್ಲ. ವರ್ಷದ ನಡುವೆ ದೂರದ ಮಗು ಸೇರಿದರೆ ಈ ಸೀಟು ಬಿಟ್ಟುಕೊಡಬೇಕು, ಒಂದು ವಾರ ಮೊದಲೇ ಹೇಳುತ್ತೇವೆ.

"ನಿಂತ್ಕೊಂಡಾದ್ರೂ ಹೋಗ್ಲಿ ಬಿಡ್ರಿ" ಅಂತ ಇಬ್ಬರು ಕೇಳಿದ್ದೀರಿ. ದಯವಿಟ್ಟು ಬೇಡ. ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬ್ರೇಕ್ ಹಾಕಿದಾಗ, ಬಾಗಿಲ ಬಳಿ ನಿಂತಿದ್ದ ಎರಡನೇ ತರಗತಿ ಹುಡುಗಿಯ ತುಟಿ ಒಡೆಯಿತು. ಅವಳ ಕಾಲರಿನ ರಕ್ತ ಒರೆಸಿದವಳು ನಾನು. ನನಗೆ ಅದು ಇನ್ನೂ ಮರೆತಿಲ್ಲ.

ಸೀಟು ಸಿಗದ ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಪುಕ್ಕಟೆ ಹೋಗಬಹುದು. ಗಂಡುಮಕ್ಕಳಿಗೆ ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸ್ ಇದೆ, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ.

ಶನಿವಾರ ಸಂಜೆಯೊಳಗೆ ಮಗುವಿನ ತರಗತಿ, ಹತ್ತುವ ಸ್ಟಾಪ್ ನನಗೆ ನೇರವಾಗಿ ಕಳಿಸಿ. ಗುಂಪಿನಲ್ಲಿ ಹಾಕಬೇಡಿ.