ಮಗಳಿಗೊಂದು ಪತ್ರ: ಊರೆಲ್ಲ ಅಳೆದ ಟೇಪು

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ತಲೆನೋವಿಲ್ಲ, ತಲೆಸುತ್ತಿಲ್ಲ, ಮತ್ಯಾಕಮ್ಮ ಬಿಪಿ ಮಾತ್ರೆ?" ಅಂತ. ಅಪ್ಪ ಪಕ್ಕದಲ್ಲೇ ಇದ್ದರು, ಎಲ್ಲ ಬಿಡಿಸಿ ಹೇಳೋಕಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಶಾ ಕೆಲಸಕ್ಕೆ ಸೇರಿದ ಮೇಲೆ ನಮ್ಮೂರಲ್ಲಿ ಎಷ್ಟು ಜನರ ಸೊಂಟಕ್ಕೆ ಟೇಪು ಹಿಡಿದಿದ್ದೇನೋ ಲೆಕ್ಕವಿಲ್ಲ. 30 ವರ್ಷ ದಾಟಿದವರಿಗೆಲ್ಲ ಬಿಪಿ, ಸಕ್ಕರೆ ಕಾಯಿಲೆಯಂಥವು ಬರುವ ಅಪಾಯ ಎಷ್ಟು ಅಂತ ಅಂಕ ಹಾಕುವ ಒಂದು ಫಾರಂ ತುಂಬಬೇಕು. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಂಕ ಏರುತ್ತದೆ. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ಆ ಟೇಪನ್ನು ನಾನು ಒಂದು ದಿನವೂ ನನಗೆ ಸುತ್ತಿಕೊಂಡಿರಲಿಲ್ಲ. ಕಳೆದ ಕಾರ್ತಿಕದಲ್ಲಿ ಉಪಕೇಂದ್ರದ ಸಿಸ್ಟರ್ "ಬನ್ನಿ ಅಕ್ಕ, ಈ ಸಲ ನೀವೇ ಮೊದಲು" ಅಂದಳು. ಸೊಂಟ 94. ತೂಕ 68. ಬಿಪಿ 168/100.

ನಾನು ಬಿಸಿಲಲ್ಲಿ ನಡೆದು ಬಂದಿದ್ದೆ, ಕಾಫಿ ಬೇರೆ ಕುಡಿದಿದ್ದೆ. ಸ್ವಲ್ಪ ಹೊತ್ತು ಮಾತಾಡದೆ ಕೂರಿ ಅಂದಳು. ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಾದರೆ ಬಿಪಿ ಜಾಸ್ತಿ ತೋರಿಸುತ್ತದೆ ಅಂತ ದೊಡ್ಡ ಪಟ್ಟಿ ಹುಡುಕಿ ತಂದು ಕಟ್ಟಿದಳು. ಆಗಲೂ 152/96. ಬೇರೆ ಬೇರೆ ದಿನ ಮತ್ತೆರಡು ಸಲ ನೋಡಿದಳು, 140/90ರ ಕೆಳಗೆ ಬರಲೇ ಇಲ್ಲ. ಡಾಕ್ಟರು ಅಮ್ಲೋಡಿಪಿನ್ 5 ಮಿಲಿಗ್ರಾಂ ಬರೆದರು. ನೋವಿಲ್ಲ ಅಂತ ಕಾಯಿಲೆ ಇಲ್ಲ ಅಂದುಕೊಳ್ಳಬೇಡಿ ಅಂತ ಊರಿಗೆಲ್ಲ ಹೇಳುತ್ತಿದ್ದೆ. ಆವತ್ತು ಆ ಮಾತು ನನಗೇ ಹೇಳಿಕೊಂಡೆ.

ತೂಕಕ್ಕೂ ಬಿಪಿಗೂ ಏನು ಸಂಬಂಧ ಅಂದೆಯಲ್ಲ. ನಮ್ಮ ಬೋರ್‌ವೆಲ್ ನೆನೆಸಿಕೋ. ಒಂದು ಎಕರೆಗೆ ಅಂತ ಹಾಕಿಸಿದ ಮೋಟರಿಗೆ ಅಪ್ಪ ಇನ್ನರ್ಧ ಎಕರೆ ಸೇರಿಸಿದಾಗ ಅದು ಎಷ್ಟು ಬಿಸಿಯಾಗುತ್ತಿತ್ತು! ಮೈಯಲ್ಲಿ ಕೊಬ್ಬು ಬೆಳೆದಷ್ಟೂ ಅದಕ್ಕೂ ರಕ್ತ ಹೋಗಬೇಕು, ಹೃದಯ ಮಾತ್ರ ಹಳೇದೇ. ಅದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹೊಟ್ಟೆಯೊಳಗಿನ ಕೊಬ್ಬು ಮೂತ್ರಪಿಂಡವನ್ನು ಒತ್ತುತ್ತದೆ. ಅದು ಉಪ್ಪನ್ನೂ ನೀರನ್ನೂ ಸರಿಯಾಗಿ ಹೊರಗೆ ಬಿಡುವುದಿಲ್ಲ. ರಕ್ತನಾಳ ಬಿಗಿ ಮಾಡುವ ರಸಗಳೂ ಜಾಸ್ತಿಯಾಗುತ್ತವೆ. ಕೈಕಾಲಿನ ದಪ್ಪಕ್ಕಿಂತ ಹೊಟ್ಟೆಯ ಸುತ್ತಳತೆಗೆ ನಾವು ಹೆದರುವುದು ಇದಕ್ಕೇ.

ಸಣ್ಣಗಿದ್ದವರಿಗೆ ಬಿಪಿ ಬರಲ್ಲ ಅಂತಲ್ಲ ಮತ್ತೆ. ನಿನ್ನ ತಾತ ಕಡ್ಡಿಯ ಹಾಗಿದ್ದರು, ಅವರಿಗೂ ಇತ್ತು. ವಯಸ್ಸು, ಉಪ್ಪು, ಹೊಗೆಸೊಪ್ಪು, ಮನೆತನ ಎಲ್ಲವೂ ಸೇರುತ್ತವೆ.

ಮದುವೆಯಾಗಿ ಈ ಮನೆಗೆ ಬಂದಾಗ ನಾನು 46 ಕೆಜಿ. ಕೆರೆ ಪಕ್ಕದ ಬಾವಿಯಿಂದ ನೀರು ಹೊತ್ತೆ, ಒರಳಲ್ಲಿ ರುಬ್ಬಿದೆ, ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದೆ. ಈಗ ನಲ್ಲಿ ಬಂದಿದೆ, ಮಿಕ್ಸಿ ಬಂದಿದೆ, ಕೊಯ್ಲಿಗೆ ಮಿಷಿನ್ ಬರುತ್ತದೆ. ಬಂದದ್ದು ಒಳ್ಳೆಯದೇ, ಆ ಕಷ್ಟ ನಿನಗೆ ಬೇಡ. ಆದರೆ ಕೆಲಸ ಇಳಿದಷ್ಟು ಊಟ ಇಳಿಯಲಿಲ್ಲ. ರಾತ್ರಿ ಮುದ್ದೆಯ ಜಾಗಕ್ಕೆ ಎರಡು ಸಲ ಅನ್ನ ಬಂತು, ಸಂಜೆ ಕಾಫಿಗೆ ಬೋಂಡ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹಳ್ಳಿ ಹೆಂಗಸರಲ್ಲಿ ಸುಮಾರು ಐದಕ್ಕೊಬ್ಬರ ತೂಕ ಜಾಸ್ತಿ ಇತ್ತು. ಇದು ಪೇಟೆಯವರ ಕಾಯಿಲೆ ಅನ್ನುವ ಕಾಲ ಹೋಯಿತು.

ನಮ್ಮಲ್ಲಿ ಯಾರೂ ದಪ್ಪ ಆದೆ ಅನ್ನಲ್ಲ. "ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯ" ಅಂತಾರೆ. ನಿನ್ನಜ್ಜಿಗೂ ಹಾಗೇ ಅಂದರು. ಒಂದು ಬೆಳಗ್ಗೆ ಹಾಲು ಕರೆಯಲು ಕೂತವರು ಎಡಕ್ಕೆ ವಾಲಿದರು. ಲಕ್ವ. ಅದುವರೆಗೆ ಅವರ ಬಿಪಿಯನ್ನು ಯಾರೂ ನೋಡಿರಲಿಲ್ಲ. ಮೂರು ವರ್ಷ ನಾನು ಅವರಿಗೆ ತಿನ್ನಿಸಿದ್ದು ನಿನಗೆ ನೆನಪಿದೆ.

ನನ್ನ ಎತ್ತರ 152 ಸೆಂಟಿಮೀಟರ್. ನಮ್ಮ ದೇಶದವರ ಲೆಕ್ಕದಲ್ಲಿ ಈ ಎತ್ತರಕ್ಕೆ 53 ಕೆಜಿ ದಾಟಿದರೆ ತೂಕ ಜಾಸ್ತಿ, 58 ದಾಟಿದರೆ ಬೊಜ್ಜು. ಈಗ 64ಕ್ಕೆ ಬಂದಿದ್ದೇನೆ. ಒಂದು ಕೆಜಿ ಇಳಿದರೆ ಬಿಪಿಯ ಮೇಲಿನ ಸಂಖ್ಯೆ ಸರಾಸರಿ ಒಂದರಷ್ಟು ಇಳಿಯುತ್ತದೆ. ಮಾತ್ರೆಯೂ ಸೇರಿ ಹೋದ ವಾರ 132/84 ಇತ್ತು. ಮಾತ್ರೆ ನಾನಾಗಿ ಬಿಡುವುದಿಲ್ಲ, ಹೆದರಬೇಡ.

ಕಷ್ಟವಾದದ್ದು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಸಣ್ಣ ಚಮಚ. ಉಪ್ಸಾರು, ಅದರ ಖಾರ, ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟರೆ ಒಂದೇ ಊಟಕ್ಕೆ ಮುಗಿಯಿತು. ಉಪ್ಸಾರು ಬಿಟ್ಟಿಲ್ಲ, ಬಿಡೋಕೂ ಆಗಲ್ಲ. ಖಾರಕ್ಕೆ ಉಪ್ಪು ಅರ್ಧ ಮಾಡಿ ಹುಣಸೆಹಣ್ಣು, ಬೆಳ್ಳುಳ್ಳಿ ಜಾಸ್ತಿ ಹಾಕುತ್ತೇನೆ. ಅಪ್ಪ ಹದಿನೈದು ದಿನ ಗೊಣಗಿದರು, ಈಗ ಸುಮ್ನೆ ಉಣ್ಣುತ್ತಾರೆ. ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಮೊದಮೊದಲು "ಯಾವೂರಿಗವ್ವ?" ಅಂತ ಕೇಳುತ್ತಿದ್ದರು. ಈಗ ನನ್ನ ಜೊತೆ ನಾಲ್ಕು ಜನ ಬರುತ್ತಾರೆ.

ಈಗ ನಿನ್ನ ವಿಷಯ. ಬಸುರಿಯಾಗಿದ್ದಾಗ ಏಳನೇ ತಿಂಗಳಲ್ಲಿ ನಿನಗೆ ಬಿಪಿ ಏರಿತ್ತು. ಹೆರಿಗೆಯಾದ ಮೇಲೆ ಇಳಿಯಿತು ಅಂತ ಎಲ್ಲರೂ ಮರೆತೆವು. ಹಾಗೆ ಏರಿದವರಿಗೆ ಮುಂದೆ ಬಿಪಿ ಬರುವ ಸಂಭವ ಬೇರೆಯವರಿಗಿಂತ ಜಾಸ್ತಿ ಕಣವ್ವ. ಮಗುವಿಗೆ ನಾಲ್ಕು ವರ್ಷ ತುಂಬಿತು, ಆಮೇಲೆ ಒಂದು ಸಲವಾದರೂ ತೋರಿಸಿದ್ದೀಯಾ? ಬಾಣಂತನದಲ್ಲಿ ತುಪ್ಪ ತಿನ್ನಿಸಿ, ಕೊಟ್ಟಿಗೆ ಕಡೆಗೂ ಹೋಗಬೇಡ ಅಂತ ಕೂರಿಸಿದವಳು ನಾನೇ. ಹಾಗಾಗಿ ಬೈಯುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇನೆ. ನಿಮ್ಮೂರ ಆಶಾ ಮನೆಗೆ ಬಂದರೆ ಆಮೇಲೆ ಬನ್ನಿ ಅಂತ ಕಳಿಸಬೇಡ.

ರಾಗಿ ಹಿಟ್ಟು ಐದು ಸೇರು ಮಾಡಿಸಿಟ್ಟಿದ್ದೇನೆ. ಯುಗಾದಿಗೆ ಬಂದಾಗ ತೆಗೆದುಕೊಂಡು ಹೋಗು. ಟೇಪು ನನ್ನ ಚೀಲದಲ್ಲೇ ಇರುತ್ತದೆ.

ನಿನ್ನ ಅಮ್ಮ